ಗಂಟೆಯ ಹಗ್ಗ ಬಿಟ್ಟವನು

"ಆ ಹಗ್ಗ ಮುಟ್ಟಬೇಡ!"

ಬೆನ್ನ ಹಿಂದಿನಿಂದ ಬಂದ ದನಿಗೆ ಅವನ ಕೈ ಅಲ್ಲೇ ನಿಂತಿತು. ಯಾರೆಂದು ತಿರುಗಿ ನೋಡಬೇಕಾಗಿರಲಿಲ್ಲ. ಎರಡು ವರ್ಷವಲ್ಲ, ಇಪ್ಪತ್ತು ವರ್ಷ ಕಳೆದಿದ್ದರೂ ಆ ದನಿಯನ್ನು ಅವನು ಗುರುತು ಹಿಡಿಯುತ್ತಿದ್ದ.

ಅವಳು ಬೆಟ್ಟದ ಕಾವಲು ಚೌಕಿಯ ಬಾಗಿಲಲ್ಲಿ ನಿಂತಿದ್ದಳು. ಬೆನ್ನಿಗೆ ಚೀಲ, ಕೊರಳಲ್ಲಿ ಸೀಟಿ, ಕಣ್ಣಲ್ಲಿ ಕೆಂಡ.

"ಇವತ್ತಿಂದ ಮೇಲಿನ ಚೌಕಿ ಡ್ಯೂಟಿ ನನಗೆ. ನೀನಿನ್ನೂ ಇಲ್ಲೇ ಇದ್ದೀಯ ಅಂತ ಗೊತ್ತಿದ್ರೆ ಬರ್ತಾನೇ ಇರಲಿಲ್ಲ."

"ನಾಳೆ ಇಳಿದು ಹೋಗ್ತೀನಿ ಮೇಡಂ. ಬೇರೆ ಬೆಟ್ಟಕ್ಕೆ ವರ್ಗ ಆಗಿದೆ. ಇನ್ನು ಈ ಕಡೆ ಬರಲ್ಲ."

ಮೇಡಂ! ಹಿಂದೆ 'ಸಿಡುಕಿ' ಎಂದು ಕರೆಯುತ್ತಿದ್ದ ಬಾಯಿ ಈಗ ಮೇಡಂ ಅನ್ನುತ್ತಿದೆ... ಅನ್ನಲಿ, ನನಗೇನಂತೆ? ಹಾಗೆಂದುಕೊಂಡರೂ ಅವಳ ಎದೆಯೊಳಗೆ ಏನೋ ಚುಚ್ಚಿತು.

ಒಲೆಯ ಪಕ್ಕ ಕೂತಿದ್ದ ತಾತ ಇಬ್ಬರ ಮುಖವನ್ನೂ ನೋಡಿ ನಿಟ್ಟುಸಿರು ಬಿಟ್ಟ. ಚೌಕಿಯ ಅಡುಗೆ, ಕಾವಲು ಎಲ್ಲಾ ಅವನದೇ. ಅವನ ಹೆಸರು ಯಾರಿಗೂ ನೆನಪಿಲ್ಲ, ಹತ್ತುವವರಿಗೂ ಇಳಿಯುವವರಿಗೂ ಅವನು ತಾತನೇ.

"ಬಂದ ತಕ್ಷಣ ಜಗಳಾನಾ? ಬಿಸಿನೀರಾದ್ರೂ ಕುಡೀರಿ, ಆಮೇಲೆ ಕಿತ್ತಾಡಿ," ಎಂದ.

ಬೆಟ್ಟದ ಹಾದಿ ಕಾಯುವವರ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ತೆಳ್ಳನೆ ಬೂಟು ಹಾಕಿ ಬಂದವರನ್ನು ವಾಪಸ್ ಕಳಿಸುವುದು, ಅವರ ಬೈಗುಳ ತಿನ್ನುವುದು, ದಾರಿ ತಪ್ಪಿದರೆ ಅದೇ ಜನರನ್ನು ಬೆನ್ನ ಮೇಲೆ ಹೊತ್ತು ತರುವುದು. ಆದರೆ ಮಂಜು ಇಳಿದು ಹಿಮ ಬೀಸತೊಡಗಿದರೆ ಇಲ್ಲಿ ಯಾವ ದೀಪವೂ ಕಾಣುವುದಿಲ್ಲ, ಚಳಿಗೆ ವಾಕಿಟಾಕಿಯೂ ಸತ್ತು ಬೀಳುತ್ತದೆ. ಆಗ ಉಳಿಯುವುದು ಚೌಕಿಯ ಅಂಗಳದ ಗಂಟೆಯೊಂದೇ. ಮೇಲಿದ್ದವರು ಅದರ ಸದ್ದು ಹಿಡಿದು ಇಳಿದು ಬರಬೇಕು.

ಅದಕ್ಕೇ ಇಲ್ಲಿ ಒಂದು ಕಟ್ಟಳೆ ಇದೆ. ಕೊನೆಯವರು ಬಂದು ಮುಟ್ಟುವ ತನಕ ಗಂಟೆ ಹಿಡಿದವರು ಹಗ್ಗ ಬಿಡಬಾರದು. ಆಕಾಶವೇ ಕಳಚಿ ಬಿದ್ದರೂ ಬಿಡಬಾರದು.

ಅವನು ಬಿಟ್ಟಿದ್ದ.

ಎರಡು ವರ್ಷದ ಹಿಂದೆ ಅವಳ ಅಣ್ಣ ದಾರಿ ಗುರುತಿನ ಕಂಬ ಸರಿಮಾಡಲು ಮೇಲೆ ಹೋಗಿದ್ದ. ಗಂಟೆಯ ಬಳಿ ಇವನಿದ್ದ. ಅಣ್ಣನಿಗೆ ಇವನು ಜೀವದ ಗೆಳೆಯ. "ತುಟಿ ಪಿಟಕ್ ಅನ್ನದ ಈ ಮೌನಿಯನ್ನ ನಮ್ಮ ಸಿಡುಕಿಗೆ ಕಟ್ಟಿಬಿಡೋಣ, ಮನೇಲಿ ಜಗಳ ಆಡೋಕೆ ಒಬ್ಬಳೇ ಸಾಕು!" ಎಂದು ಮದುವೆ ಮಾತು ಎತ್ತಿದವನೂ ಅವನೇ. ಆ ದಿನ ಹಿಮಗಾಳಿ ಎದ್ದಿತು. ಗಂಟೆ ನಡುವೆ ನಿಂತುಹೋಯಿತು. ಅಣ್ಣ ತಪ್ಪು ಇಳಿಜಾರಿನಲ್ಲಿ ಸಿಕ್ಕಿದ, ಉಸಿರಿಲ್ಲದೆ.

ವಿಚಾರಣೆಯಲ್ಲಿ ಇವನು ಹೇಳಿದ್ದು ಎರಡೇ ಮಾತು. "ಹೌದು, ಬಿಟ್ಟೆ."

"ಯಾಕೆ ಬಿಟ್ಟೆ? ಒಲೆ ಮುಂದೆ ಮೈ ಕಾಯಿಸ್ಕೊಳ್ಳೋಕಾ?" ಎಂದು ಅವಳು ಎಲ್ಲರೆದುರು ಕಿರುಚಿದ್ದಳು. ಅವನು ತಲೆ ತಗ್ಗಿಸಿದ್ದ. ಮದುವೆ ಅಲ್ಲಿಗೇ ಮುರಿಯಿತು.

ಆ ದಿನ ಅವಳೂ ಬೆಟ್ಟದಲ್ಲೇ ಇದ್ದಳು. ಬೇಡವೆಂದರೂ ಕೇಳದೆ ಅಣ್ಣನನ್ನು ಹುಡುಕುತ್ತಾ ಕೆಳಗಿನ ಚೌಕಿಯಿಂದ ಕೊರಕಲಿನ ದಾರಿ ಹಿಡಿದು ಹೊರಟು, ಮಂಜಿನಲ್ಲಿ ಬಿದ್ದು, ಸೀಟಿ ಊದಿ ಊದಿ ಎಚ್ಚರ ತಪ್ಪಿದ್ದಳು. ಯಾರೋ ಚಾರಣಿಗ ಹೊತ್ತು ತಂದನಂತೆ. ಅವಳಿಗೆ ನೆನಪಿರುವುದು ಯಾರದೋ ಬೆನ್ನು ಮತ್ತು ನಿಲ್ಲದ ಮಾತು. ಅಡುಗೆಮನೆ ಕಿಟಕಿ ಪೂರ್ವಕ್ಕಿರಬೇಕು, ಬೆಳಿಗ್ಗೆ ಬಿಸಿಲು ಬರಬೇಕು, ಮೆಟ್ಟಿಲು ಕಲ್ಲಿನದಿರಲಿ... ಏನೇನೋ ವಟವಟ! ಪಾಪ, ಯಾರೋ ಗಾರೆ ಕೆಲಸದವನಿರಬೇಕು ಎಂದುಕೊಂಡಿದ್ದಳು. ಆ ಪುಣ್ಯಾತ್ಮನಿಗೆ ಕೃತಜ್ಞತೆ ಹೇಳಲೂ ಆಗಲಿಲ್ಲ.

---

ಮಧ್ಯಾಹ್ನದ ಹೊತ್ತಿಗೆ ಎದುರಿನ ಶಿಖರ ಮಾಯವಾಯಿತು. ಗಾಳಿ ತಗಡಿನ ಸೂರನ್ನು ಕಿತ್ತುಹಾಕುವಂತೆ ಬಡಿಯತೊಡಗಿತು.

ಬೆಳಿಗ್ಗೆಯೇ ಬಂದವರನ್ನೆಲ್ಲ ಬೈದು, ಬೇಡಿಕೊಂಡು ಕೆಳಗಟ್ಟಿದ್ದಾಗಿತ್ತು. ಆದರೆ ನಸುಕಿನಲ್ಲೇ ಹತ್ತಿದ್ದ ಮೂವರು ಇನ್ನೂ ಇಳಿದಿರಲಿಲ್ಲ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಜೊತೆಗೆ ಗಂಡನ ತಂಗಿ.

"ನಾನು ಹೋಗ್ತೀನಿ," ಎಂದು ಅವಳು ಬೂಟಿನ ದಾರ ಬಿಗಿದಳು.

"ಬೇಡ ಮೇಡಂ. ನಾನು ಹೋಗ್ತೀನಿ, ನೀವು ಗಂಟೆ ಹಿಡ್ಕೊಳ್ಳಿ."

"ಯಾಕೆ? ನಿನಗೆ ಗಂಟೆ ಹಿಡಿಯೋಕೆ ಭಯಾನಾ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. "ನಾನು ಹಿಡಿದ್ರೆ ಮೇಲೆ ಹೋದ ನಿಮಗೆ ಅದರ ಮೇಲೆ ನಂಬಿಕೆ ಬರಲ್ಲ. ನೀವು ಹಿಡಿದ್ರೆ ನನಗೆ ಬರುತ್ತೆ. ಅಷ್ಟೇ."

ಅವಳು ಹಗ್ಗ ಹಿಡಿಯುವಷ್ಟರಲ್ಲಿ ಅವನು ಮಂಜಿನೊಳಗೆ ಕರಗಿಹೋಗಿದ್ದ.

ಢಣ್... ಢಣ್... ಢಣ್...

ಮೂರು ಪೆಟ್ಟು, ಸ್ವಲ್ಪ ಬಿಡುವು, ಕಿವಿಗೊಟ್ಟು ಕೇಳುವುದು, ಮತ್ತೆ ಮೂರು ಪೆಟ್ಟು. ತೋಳು ಸೋತಿತು. ಕೈಗವಸು ಹರಿದು ಅಂಗೈ ಸುಲಿಯಿತು. ತಾತ ಬಂದು ಕೊರಳಿಗೆ ಕಂಬಳಿ ಸುತ್ತಿದ. ಹಗ್ಗ ಎಳೆಯಲು ಅವನಿಂದಾಗದು. ಬಿದ್ದು ಭುಜ ಮುರಿದ ಮೇಲೆ ಅವನ ಬಲಗೈ ಎದೆಯಿಂದ ಮೇಲೆ ಏಳುವುದಿಲ್ಲ.

ಹೊತ್ತು ಹೋಯಿತು. ಯಾರೂ ಬರಲಿಲ್ಲ.

ಬಾರೋ... ಬೈಯೋಕಾದ್ರೂ ಬಾ! ನಾಳೆ ನೀನು ಎಲ್ಲಿಗಾದ್ರೂ ಹಾಳಾಗಿ ಹೋಗು, ಇವತ್ತು ಮಾತ್ರ ವಾಪಸ್ ಬಾ...

ತನ್ನ ಮನಸ್ಸು ಹೇಳಿದ ಮಾತಿಗೆ ಅವಳೇ ಬೆಚ್ಚಿದಳು. ಇಷ್ಟು ದಿನ ದ್ವೇಷ ಅಂದುಕೊಂಡಿದ್ದರ ಅಡಿಯಲ್ಲಿ ಇದೇ ಕೂತಿತ್ತೇ?

ಆಗ ಕೇಳಿಸಿತು... ಸೀಟಿ!

ಎರಡು ಗಿಡ್ಡ, ಒಂದು ಉದ್ದ. ಕೊರಕಲಿನ ಕಡೆಯಿಂದ. ಅದು ಹಾದಿ ಕಾಯುವವರದೇ ಸೀಟಿ. 'ನಾನು ನಡೆಯಲಾರೆ' ಎಂದರ್ಥ.

"ತಾತಾ, ಅವನೇ! ಬಿದ್ದಿದ್ದಾನೆ!"

ಹಗ್ಗ ಕೈಯಿಂದ ಜಾರಿತು. ಎರಡು ಹೆಜ್ಜೆ ಓಡಿಯೇಬಿಟ್ಟಿದ್ದಳು. ತಾತ ಎಡಗೈಯಿಂದ ಅವಳ ಚೀಲದ ಪಟ್ಟಿ ಹಿಡಿದು ಜಗ್ಗಿದ.

"ಹಗ್ಗ ಹಿಡಿ! ಇನ್ನೂ ಮೂರು ಜೀವ ಮೇಲಿದೆ!"

"ಬಿಡು ತಾತಾ! ಅವನು ಸತ್ತುಹೋಗ್ತಾನೆ!"

"ಅವತ್ತು ಅವನೂ ಹೀಗೇ ಅಂದ್ಕೊಂಡ ಕಣಮ್ಮ!" ತಾತನ ದನಿ ಒಡೆಯಿತು. "ಅವತ್ತೂ ಇದೇ ಕೊರಕಲಿಂದ ಇದೇ ಸೀಟಿ ಕೇಳಿಸ್ತು. ಹಗ್ಗ ಬಿಟ್ಟು ಓಡಿದ. ಆ ಸೀಟಿ ಯಾರದ್ದು ಗೊತ್ತಾ? ನಿನ್ನದು!"

ಅವಳು ತಿರುಗಿ ತಾತನ ಮುಖ ನೋಡಿದಳು.

"ಸುಳ್ಳು... ನನ್ನ ಹೊತ್ತು ತಂದವನು ಬೇರೆ ಯಾರೋ. ಅವನು ದಾರಿ ತುಂಬಾ ಮಾತಾಡ್ತಿದ್ದ! ಇವನು..."

"ನಿನಗೆ ನಿದ್ದೆ ಹತ್ತಿದ್ರೆ ಮತ್ತೆ ಏಳ್ತಿರಲಿಲ್ಲ. ಅದಕ್ಕೆ ಆ ಮೌನಿ ಹುಟ್ಟಿದಾಗಿಂದ ಆಡದೇ ಇದ್ದ ಮಾತನ್ನೆಲ್ಲ ಅವತ್ತು ಆಡಿದ. ನಾನು ಗ್ಯಾಸ್ ತರೋಕೆ ಕೆಳಗೆ ಹೋಗಿದ್ದೆ. ಬಂದು ನೋಡಿದ್ರೆ ನೀನು ಒಲೆ ಪಕ್ಕ ಮಲಗಿದ್ದೆ, ಅವನು ಮತ್ತೆ ಹಗ್ಗ ಹಿಡಿದು ಅಳ್ತಾ ನಿಂತಿದ್ದ. 'ತಾತಾ, ತನ್ನಿಂದ ಗಂಟೆ ನಿಂತಿತು ಅಂತ ಗೊತ್ತಾದ್ರೆ ಅವಳು ಬದುಕಲ್ಲ. ನನ್ನ ಬೈಕೊಂಡಾದ್ರೂ ಬದುಕಲಿ' ಅಂತ ನನ್ನಿಂದ ಭಾಷೆ ತಗೊಂಡ."

ಗಾಳಿ ಊಳಿಟ್ಟಿತು. ಮತ್ತೆ ಸೀಟಿ... ಈ ಸಲ ಇನ್ನೂ ಕ್ಷೀಣವಾಗಿ.

ದೇವರೇ! ನನ್ನನ್ನು ಹೊತ್ತು ತಂದ ಬೆನ್ನಿಗೇ ಎರಡು ವರ್ಷ ಕಲ್ಲು ಹೊಡೆದೆನಲ್ಲ... ಅಣ್ಣಾ, ನೀನು ಕಿವಿಗೊಟ್ಟು ನಿಂತಿದ್ದಾಗ ಆ ಗಂಟೆ ನಿಂತಿದ್ದು ನನ್ನಿಂದಾನಾ?

ಕುಸಿದು ಕೂರಲೂ ಅವಳಿಗೆ ಹಕ್ಕಿರಲಿಲ್ಲ. ಮೇಲೆ ಮೂವರು ಸದ್ದಿಗಾಗಿ ಕಾಯುತ್ತಿದ್ದರು. ಅವಳು ಹಿಂತಿರುಗಿ ಹಗ್ಗ ಹಿಡಿದಳು. ಕೊರಕಲಿನ ಕಡೆಗೆ ಮುಖ ಮಾಡಿ, ಬಿಕ್ಕಿ ಬಿಕ್ಕಿ ಅಳುತ್ತಾ ಎಳೆದಳು. ಢಣ್! ಇದ್ದೀನಿ. ಢಣ್! ಬಿಟ್ಟಿಲ್ಲ. ಢಣ್! ಸಾಯಬೇಡ...

ಅವನು ಅವತ್ತು ಎಂಥ ತಕ್ಕಡಿಯಲ್ಲಿ ನಿಂತಿದ್ದ ಎಂಬುದು ಅವಳಿಗೆ ಈಗ ಗೊತ್ತಾಯಿತು. ಅದೂ ಒಬ್ಬನೇ, ಹಿಡಿದು ಜಗ್ಗಲು ತಾತನೂ ಇಲ್ಲದೆ.

ಕೊನೆಗೆ ಮಂಜಿನಿಂದ ಮೂರು ಆಕಾರಗಳು ತಡವರಿಸುತ್ತಾ ಬಂದವು. ಮುಂದೆ ಮದುಮಗಳು, ಹಿಂದೆ ತಂಗಿಯ ಕೈ ಹಿಡಿದ ಗಂಡ.

"ಅಕ್ಕಾ! ಸರ್ ಕಾಲು ಬಂಡೆ ಸಂದಿಗೆ ಸಿಕ್ಕಿ ತಿರುಚಿಹೋಯ್ತು," ಮದುಮಗಳು ಏದುಸಿರು ಬಿಟ್ಟಳು. "ನಾವು ಬಿಟ್ಟು ಬರಲ್ಲ ಅಂದ್ವಿ. 'ಗಂಟೆ ಹಿಡಿದವಳು ಬಿಡೋಳಲ್ಲ, ಕಣ್ಣು ಮುಚ್ಕೊಂಡು ಸದ್ದಿನ ಕಡೆಗೆ ಹೋಗಿ' ಅಂತ ಬೈದು ಕಳಿಸಿದ್ರು."

ಅವಳು ಹಗ್ಗವನ್ನು ಗಂಡನ ಕೈಗೆ ತುರುಕಿದಳು. "ಮೂರು ಹೊಡೀರಿ, ನಿಲ್ಲಿಸಿ, ಮತ್ತೆ ಮೂರು. ನಾನು ಬರೋ ತನಕ ಬಿಟ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

"ಬಿಡಲ್ಲಕ್ಕಾ!" ಎಂದ ಆ ಬಡಪಾಯಿ, ಹಲ್ಲು ಕಟಕಟಿಸುತ್ತಾ.

---

ಅವನು ಕೊರಕಲಿನ ಅಂಚಿನಲ್ಲಿ ಬಂಡೆಗೆ ಒರಗಿದ್ದ. ಹುಬ್ಬು, ರೆಪ್ಪೆ ಎಲ್ಲಾ ಹಿಮ. ತುಟಿ ನೀಲಿಗಟ್ಟಿತ್ತು. ಸೀಟಿ ಬಾಯಿಂದ ಜಾರಿ ಎದೆಯ ಮೇಲೆ ಬಿದ್ದಿತ್ತು.

"ಏಯ್! ಕಣ್ಣು ಬಿಡು!"

"...ಮೇಡಂ? ಗಂಟೆ..."

"ಹೊಡೀತಾ ಇದೆ ಕೇಳು! ಮೂವರೂ ಬಂದು ಮುಟ್ಟಿದ್ರು. ನೀನೇ ಕೊನೆಯವನು. ಇನ್ನೊಂದ್ಸಲ ಮೇಡಂ ಅಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ."

ಬಂಡೆ ಸಂದಿಯಿಂದ ಅವನ ಕಾಲು ಬಿಡಿಸಿದಳು. ತೋಳನ್ನು ಹೆಗಲಿಗೆ ಹಾಕಿಕೊಂಡು, ಅರ್ಧ ಹೊತ್ತು ಅರ್ಧ ಎಳೆದು ಹೊರಟಳು. ಅವನ ತಲೆ ಅವಳ ಭುಜಕ್ಕೆ ವಾಲಿತು. ಕಣ್ಣು ಮುಚ್ಚತೊಡಗಿತು.

"ಮಲಗಬೇಡ! ನಾನು ಹೇಳ್ತೀನಿ ಕೇಳು. ಕಲ್ಲಿನ ಮೆಟ್ಟಿಲು ಬೇಡ, ಜಾರುತ್ತೆ. ಅಡುಗೆಮನೆ ದೊಡ್ಡದಾಗಿರಲಿ, ನೀನೇ ಅಡುಗೆ ಮಾಡು, ನನಗೆ ಬರಲ್ಲ. ಅಣ್ಣನ ಫೋಟೋ ನಡುಮನೇಲಿ ಇರಲಿ. ತಾತನಿಗೆ ಒಂದು ಕೋಣೆ. ಕೇಳಿಸ್ತಾ ಇದೆಯಾ?"

ಅವನ ಹೆಜ್ಜೆ ತಡೆಯಿತು. ಕಷ್ಟಪಟ್ಟು ಕಣ್ಣು ತೆರೆದ.

"ತಾತ... ಹೇಳಿಬಿಟ್ಟನಾ?"

"ಹೂಂ."

"ಹೇಳಬಾರದಿತ್ತು..."

"ಎರಡು ವರ್ಷ ನನ್ನ ಕೈಲಿ ಏನೇನು ಅನ್ನಿಸ್ಕೊಂಡೆಯಲ್ಲೋ! ಒಂದು ಮಾತು, ಒಂದೇ ಒಂದು ಮಾತು ಹೇಳೋಕಾಗಲಿಲ್ವಾ?" ಅವಳ ಕಣ್ಣೀರು ಕೆನ್ನೆಯ ಮೇಲೇ ಹೆಪ್ಪುಗಟ್ಟುತ್ತಿತ್ತು. "ಗಂಟೆ ನಿಲ್ಲದೇ ಇದ್ದಿದ್ರೆ ಅಣ್ಣ ಬರ್ತಿದ್ನಾ? ನಿಜ ಹೇಳು."

ದೂರದಲ್ಲಿ ಗಂಟೆ ಮೂರು ಸಲ ಬಡಿದು ನಿಂತಿತು.

"ಗೊತ್ತಿಲ್ಲ. ದಿನಾ ಕೇಳ್ಕೋತೀನಿ. ಬರ್ತಿದ್ದ ಅಂತಲೂ ಅನ್ಸುತ್ತೆ, ಇಲ್ಲ ಅಂತಲೂ. ಆದ್ರೆ ಆ ಸೀಟಿ ಮತ್ತೆ ಕೇಳಿದ್ರೆ ಮತ್ತೆ ಹಗ್ಗ ಬಿಡ್ತೀನಿ. ಅದೇ ನನ್ನ ಪಾಪ."

"ನಿನ್ನೊಬ್ಬನದಲ್ಲ. ಬೇಡ ಅಂದ್ರೂ ಬೆಟ್ಟ ಹತ್ತಿದವಳು ನಾನು." ಅವಳು ಅವನನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಇಷ್ಟು ದಿನ ಒಬ್ಬನೇ ಹೊತ್ತೆ. ಇನ್ಮೇಲೆ ಅರ್ಧ ನನಗೆ ಕೊಡು. ಅಳೋದಿದ್ರೆ ಇಬ್ಬರೂ ಒಟ್ಟಿಗೆ ಅಳೋಣ. ಆದ್ರೆ ನಾಳೆ ನೀನು ಎಲ್ಲೂ ಹೋಗಲ್ಲ."

"ವರ್ಗ ಆಗಿದೆ..."

"ತಿರುಚಿದ ಕಾಲಲ್ಲಿ ಎಲ್ಲಿಗೆ ಹೋಗ್ತೀಯ, ಕುಂಟಿಕೊಂಡಾ?"

ಅವನ ನೀಲಿ ತುಟಿಯಲ್ಲಿ ನಗೆಯಂಥದ್ದೇನೋ ಸುಳಿಯಿತು. ಅವನ ತಣ್ಣನೆಯ ಬೆರಳು ಅವಳ ಸುಲಿದ ಅಂಗೈಯನ್ನು ಮೆಲ್ಲಗೆ ಮುಚ್ಚಿತು.

ಮಂಜು ತಿಳಿಯಾಗಲಿಲ್ಲ. ಗಾಳಿಯೂ ನಿಲ್ಲಲಿಲ್ಲ. ಆದರೆ ಗಂಟೆ ಹತ್ತಿರವಾಗುತ್ತಾ ಬಂತು.

"ಸಿಡುಕಿ..."

ಅವಳು ಅಲ್ಲೇ ನಿಂತಳು. "ಏನು?"

"ಕಿಟಕಿ ಮಾತ್ರ ಪೂರ್ವಕ್ಕೇ ಇರಲಿ."

"ಇರಲಿ ಮಾರಾಯಾ," ಎಂದಳು ಅವಳು, ಅಳುತ್ತಲೇ. "ನೀನು ಮಾತಾಡ್ತಾ ಇರು."