ಅರ್ಧ ದಾರಿಯ ಮನೆ

ರಜೆಯ ದಿನ ಬೆಳಿಗ್ಗೆ ಸೊಸೆ ಕೈ ಚಾಚಿದಳು. ಎರಡು ವರ್ಷದ ಮಗಳು ಬೆಚ್ಚಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

“ಅಪರೂಪಕ್ಕೆ ಬರೋ ನೆಂಟರ ಹತ್ರ ಮಗು ಹೋಗುತ್ತೇನಮ್ಮ?” ಎಂದರು ಅತ್ತೆ.

ಸೊಸೆ ಚಾಚಿದ ಕೈ ಹಿಂದೆಗೆದುಕೊಂಡಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಅಂಗಡಿ ನಗರದ ನಡುವೆ, ಮನೆ ಊರಾಚೆಯ ಬಡಾವಣೆಯಲ್ಲಿ. ಬಸ್ಸಿನಲ್ಲಿ ಹೋಗಲು ಎರಡು ಗಂಟೆ, ಬರಲು ಎರಡೂವರೆ. ಅವಳು ಹೊರಡುವಾಗಲೂ ಮಗು ನಿದ್ದೆಯಲ್ಲಿ, ಬರುವಾಗಲೂ ನಿದ್ದೆಯಲ್ಲಿ... ವಾರದ ಆರು ದಿನ ಮಗಳು ಕಣ್ಣು ಬಿಟ್ಟಿದ್ದನ್ನೇ ಅವಳು ಕಾಣುತ್ತಿರಲಿಲ್ಲ.

ಅಂಗಡಿಯ ಹತ್ತಿರ ಬಾಡಿಗೆಗೆ ಒಂದು ಕೋಣೆ ಸಿಕ್ಕಿದೆ ಎಂದ ಗಂಡ. ಅದಕ್ಕಿಂತ ದೊಡ್ಡದು ಅವರ ಕೈಗೆಟುಕುವಂತಿರಲಿಲ್ಲ. ಮಂಚ ಹಾಕಿದರೆ ಬಾಗಿಲು ಅರ್ಧವೇ ತೆರೆಯುತ್ತದಂತೆ.

“ಅಮ್ಮ ಇಲ್ಲೇ...” ಎಂದು ಅವನು ಮಾತು ನುಂಗಿದ.

“ಹೇಳೋ, ಇಲ್ಲೇ ಬಿದ್ದಿರಲಿ ಅಂತ. ಬಸ್ಸಲ್ಲಿ ಆರಾಮಾಗಿ ಕೂತು ಬರೋದೂ ಒಂದು ಕಷ್ಟವಾ? ನಾಳೆ ನಾನೂ ಹೋಗ್ತೀನಿ, ಆ ಕಷ್ಟ ಏನಂತ ನೋಡೇಬಿಡೋಣ.”

ಅತ್ತೆ ಹೇಳಿದ್ದನ್ನು ಮಾಡುವವರು. ಮರುದಿನ ಮಗುವನ್ನು ಮಗನ ಕೈಗಿತ್ತು ಸೊಸೆಯ ಜೊತೆ ಹೊರಟರು.

ಬಸ್ಸು ಬರುವಾಗಲೇ ತುಂಬಿತ್ತು. ಯಾರೋ ಎದ್ದು ಅತ್ತೆಗೆ ಜಾಗ ಕೊಟ್ಟರು. ಸೊಸೆ ಕಂಬ ಹಿಡಿದು ನಿಂತಲ್ಲೇ ಕಣ್ಣು ಮುಚ್ಚಿದಳು. ತಿರುವು ಬರುವ ಮೊದಲೇ, ನಿದ್ದೆಯಲ್ಲೇ, ಅವಳ ಮೈ ತಾನಾಗಿ ಆ ಕಡೆಗೆ ವಾಲುತ್ತಿತ್ತು. ಅತ್ತೆ ನೋಡುತ್ತಲೇ ಇದ್ದರು. ಒಂದು ಗಂಟೆ ಕಳೆದ ಮೇಲೆ ಅವಳ ತೋಳು ತಟ್ಟಿದರು.

“ಇಳಿ.”

“ಅತ್ತೆ, ಇದಿನ್ನೂ ಅರ್ಧ ದಾರಿ. ಇಲ್ಲೇನಿದೆ?”

“ಮನೆಗಳಿವೆಯಲ್ಲ. ವಿಚಾರಿಸೋಣ, ಇಳಿಯೇ.”

“ಕೆಲಸಕ್ಕೆ ತಡವಾಗುತ್ತೆ...”

“ಒಂದು ದಿನ ತಡವಾದ್ರೆ ಯಾರ ಕಣ್ಣೂ ಹೋಗಲ್ಲ.”

ತಗಡಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮೇಲೆ ಎರಡು ಕೋಣೆಗಳು ಸಿಕ್ಕವು. ಹಗಲಿಡೀ ಸುತ್ತಿಗೆಯ ಸದ್ದು. ಅದಕ್ಕೇ ಬಾಡಿಗೆ ಕಡಿಮೆ. ಅತ್ತೆ ತಮ್ಮ ಗಂಡ ಕಟ್ಟಿಸಿದ ಮನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಟ್ಟು, ಮೂವತ್ತು ವರ್ಷ ಹರಟಿದ ನೆರೆಯವರನ್ನು ಬಿಟ್ಟು ಬಂದರು. ಕಣ್ಣೀರು ಹಾಕಲಿಲ್ಲ. “ನನಗೆ ಹೇಗೂ ಕಿವಿ ಮಂದ” ಎಂದರಷ್ಟೆ. ಪಕ್ಕದ ಮನೆಯ ಪಿಸುಮಾತೂ ಅವರಿಗೆ ಕೇಳುತ್ತಿತ್ತೆಂದು ಮಗನಿಗೂ ಸೊಸೆಗೂ ಗೊತ್ತಿತ್ತು.

ಈಗ ಸೊಸೆ ಬರುವಾಗ ಇನ್ನೂ ಬೆಳಕಿರುತ್ತದೆ. ಮೊದಮೊದಲು ಮಗಳು ಬಾಗಿಲ ಹಿಂದೆ ಅಡಗುತ್ತಿದ್ದಳು. ಸೊಸೆ ಕರೆಯದೆ, ಸುಮ್ಮನೆ ನೆಲದ ಮೇಲೆ ಕೂತಿರುತ್ತಿದ್ದಳು. ಒಂದು ಸಂಜೆ ಮಗಳು ಅಜ್ಜಿಯ ಮಡಿಲಿನಿಂದ ಇಳಿದು ಬಂದು ಅವಳ ಕಿರುಬೆರಳು ಹಿಡಿದಳು.

“ಹೋಗು ಹೋಗು, ಅಮ್ಮ ಸಿಕ್ಕಮೇಲೆ ಈ ಮುದುಕಿ ಯಾರಿಗೆ ಬೇಕು” ಎಂದ ಅತ್ತೆ, ಖಾಲಿಯಾದ ಮಡಿಲನ್ನು ಎರಡು ಸಲ ಕೊಡವಿ, ಕಾಲು ಚಾಚಿ ಹಾಯಾಗಿ ಕೂತರು.