ಬಚ್ಚಲಮನೆಯ ಗಾಳಿಕಿಂಡಿ

ಮಂಗಳವಾರ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದವನ ಅಂಗಿಯೆಲ್ಲ ಒದ್ದೆಯಾಗಿತ್ತು. ಬಂದರಿನ ಹಡಗು ದುರಸ್ತಿ ಕಾರ್ಖಾನೆಯಲ್ಲಿ ವೆಲ್ಡರ್, ಪರದೇಶದವನು. ನಾಲ್ಕು ವರ್ಷದಲ್ಲಿ ಇಲ್ಲಿನ ಮಾತು ಕಲಿತಿದ್ದ. ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನನ್ನ ಹೆಂಡತಿ ಬಚ್ಚಲಲ್ಲಿ ಸತ್ತಳು. ಹೀಟರಿನ ಗ್ಯಾಸು ಅಂತ ಡಾಕ್ಟರ್ ಹೇಳಿದ್ರು. ಆದ್ರೆ ಸಾರ್, ಗೋಡೇಲಿ ಒಂದು ಗಾಳಿಕಿಂಡಿ ಇತ್ತು. ನಿನ್ನೆ ಮಧ್ಯಾಹ್ನ ಕೆಲಸಕ್ಕೆ ಹೋಗುವಾಗ ಇತ್ತು. ಎರಡು ಪಾಳಿ ಮುಗಿಸಿ ಬೆಳಿಗ್ಗೆ ಬಂದೆ, ಬಾಗಿಲು ಒಡೆದು ಒದ್ದೆ ಮೈಯಲ್ಲೇ ಅವಳನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದೆ. ಈಗ ಆ ಕಿಂಡಿ ಇಲ್ಲ."

ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಬರೆದುಕೊಂಡವನು ಹೆಡ್ ಕಾನ್‌ಸ್ಟೇಬಲ್. ಪ್ರತಿಯೊಂದಕ್ಕೂ ನಿಮಿಷ ಸಮೇತ ವೇಳೆ ಹಾಕುವುದರಿಂದ ಠಾಣೆಯಲ್ಲಿ ಅವನ ಹೆಸರೇ 'ಗಡಿಯಾರ' ಎಂದಾಗಿತ್ತು.

ಜೀಪಿನಲ್ಲಿ ವೆಲ್ಡರ್ ತಾನಾಗಿಯೇ ಹೇಳಿದ. ಮನೆಗಾಗಿ ಎರಡು ವರ್ಷ ಅಲೆದಿದ್ದ. ಫೋನಿನಲ್ಲಿ "ಖಾಲಿ ಇದೆ ಬನ್ನಿ" ಎಂದವರು ಮುಖ ನೋಡಿದೊಡನೆ "ಈಗಷ್ಟೇ ಹೋಯ್ತು" ಎನ್ನುತ್ತಿದ್ದರು. ಬೋರ್ಡು ಮಾತ್ರ ಗೇಟಿನಲ್ಲೇ ನೇತಾಡುತ್ತಿತ್ತು. ಕೊನೆಗೆ ಈ ಮನೆ ಸಿಕ್ಕಿತ್ತು. ಐದು ವಾರದ ಹಿಂದೆ ಹೆಂಡತಿಯನ್ನು ಕರೆಸಿಕೊಂಡಿದ್ದ.

ಪೊಲೀಸ್ ಎಂದು ಗೊತ್ತಾಗುತ್ತಲೇ ಮನೆ ಮಾಲೀಕರ ಮುಖ ಗಂಟಿಕ್ಕುವುದನ್ನು ಪ್ರತಿ ವರ್ಗಾವಣೆಯಲ್ಲೂ ಬಾಡಿಗೆ ಮನೆ ಹುಡುಕುವಾಗ ಇನ್‌ಸ್ಪೆಕ್ಟರ್ ಕಂಡಿದ್ದರು.

12.05ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಬಚ್ಚಲಮನೆ ಆರಡಿ ಉದ್ದ, ನಾಲ್ಕಡಿ ಅಗಲ. ಮುರಿದ ಬಾಗಿಲು. ಗೋಡೆಯ ಮೇಲೆ ಗ್ಯಾಸಿನ ಹೀಟರು. ಅದರ ಮೇಲ್ಗಡೆ ಒಂದೂವರೆ ಅಡಿ ಚೌಕದಷ್ಟು ಹೊಸ ಇಟ್ಟಿಗೆ, ಸಂದಿನಲ್ಲಿ ಸಿಮೆಂಟು. ಇನ್‌ಸ್ಪೆಕ್ಟರ್ ಬಕೆಟ್ ಬೋರಲು ಹಾಕಿ ಹತ್ತಿ ಹೆಬ್ಬೆರಳಿನಿಂದ ಒತ್ತಿದರು. ಇನ್ನೂ ತೇವ.

ವೆಲ್ಡರ್ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಮನೆ ಸಿಕ್ಕಿತೆಂದು ಅತ್ತೆಗೆ ಕಳಿಸಲು ಒಂದೊಂದು ಕೋಣೆಯನ್ನೂ ತೆಗೆದಿದ್ದ. ಹೀಟರಿನ ಮೇಲೆ ಕಿಂಡಿ, ಕಿಂಡಿಯಲ್ಲಿ ಬೆಳಕು.

ಹೊರಗೆ ಕಿಂಡಿಯಿದ್ದ ಜಾಗ ಕಿರಿದಾದ ಓಣಿಗೆ ಬರುತ್ತಿತ್ತು. ಓಣಿಯ ಆಚೆ ಐದೇ ಅಡಿ ದೂರದಲ್ಲಿ ಮನೆಯೊಡತಿಯ ನಡುಮನೆಯ ಕಿಟಕಿ. ಐವತ್ತೆಂಟರ ವಿಧವೆ, ಒಬ್ಬಳೇ ಇದ್ದಳು. ಬಾಗಿಲಲ್ಲೇ ನಿಂತು ಮಾತಾಡಿದಳು.

"ಕಿಂಡಿ ಮುಚ್ಚಿಸಿದ್ದು ಯಾರಮ್ಮ?"

"ಆ ಹುಡುಗೀನೇ. ಹಲ್ಲಿ ಬರುತ್ತೆ, ಮುಚ್ಚಿಸಿ ಅಂದ್ಳು."

"ಯಾವ ಭಾಷೇಲಿ ಅಂದ್ಳು?"

ಮನೆಯೊಡತಿ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. ಗಡಿಯಾರ ವೇಳೆ ಬರೆದುಕೊಂಡ: 12.50.

ಕಿಂಡಿ ಮುಚ್ಚಿದ ಗಾರೆಯವನು ಸಿಕ್ಕಿದ್ದು ಎರಡು ಬೀದಿ ಆಚೆ ಸಿಮೆಂಟಿನ ಅಂಗಡಿಯ ಮುಂದೆ. ಸುದ್ದಿ ಕೇಳುತ್ತಲೇ ಕೈಯಲ್ಲಿದ್ದ ಕರಣೆ ಕೆಳಗಿಟ್ಟ.

"ನಿನ್ನೆ ಮೂರು ಗಂಟೆಗೆ ಸಾರ್. ಅಮ್ಮಾವ್ರು ಕರೆದ್ರು. ಒಳಗೆ ಗ್ಯಾಸಿನ ಹೀಟರ್ ಇದೆಯಲ್ಲಮ್ಮ, ಬೇಡ ಅಂದೆ. ನಿಂಗೆ ಹೇಳಿದಷ್ಟು ಮಾಡು ಅಂದ್ರು."

"ಒಳಗೆ ಯಾರಿದ್ರು?"

"ಆ ಹುಡುಗಿ. ಸದ್ದು ಕೇಳಿ ಬಕೆಟ್ ಮೇಲೆ ಹತ್ತಿರಬೇಕು, ಕಿಂಡಿಯಿಂದ ಇಣುಕಿದ್ಳು. ನಕ್ಕಳು. ನಾನೂ ನಕ್ಕೆ." ಅವನು ಮುಖ ಒರೆಸಿಕೊಂಡ. "ಆಮೇಲೆ ಇಟ್ಟಿಗೆ ಇಟ್ಟೆ."

ಹೀಟರ್ ಕೂರಿಸಿದ ಅಂಗಡಿಯಲ್ಲಿ ಅದರ ಹಳೆಯ ಗ್ಯಾರಂಟಿ ಕಾರ್ಡಿನ ನಕಲು ಸಿಕ್ಕಿತು. 'ಗಾಳಿಕಿಂಡಿ ಮುಚ್ಚಬಾರದು, ಪ್ರಾಣಾಪಾಯ' ಎಂಬ ಸಾಲಿನ ಕೆಳಗೆ ಮನೆಯೊಡತಿಯ ರುಜು. ಇದೇ ಎಚ್ಚರಿಕೆಯ ಚೀಟಿಯನ್ನು ಹೀಟರಿಗೂ ಅಂಟಿಸಿದ್ದೆವು ಎಂದ ಅಂಗಡಿಯವನು. ಪಂಚನಾಮೆಯಲ್ಲಿ ಅಂಥ ಚೀಟಿ ಇರಲಿಲ್ಲ. ಮತ್ತೆ ಹೋಗಿ ನೋಡಿದರು. ಹೀಟರಿನ ಮೈಮೇಲೆ ಅಂಟಿನ ಗುರುತೂ ಉಗುರಿನಿಂದ ಕೆರೆದ ಗೀರೂ ಇತ್ತು.

ಎಫ್‌ಐಆರ್ ಆಯಿತು. ಕೊಲೆಯಲ್ಲದ ಮಾನವಹತ್ಯೆ. ಸಂಜೆ 5.40ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಜೊತೆ ಹೋದಾಗ ಮನೆಯೊಡತಿ ತಲೆ ಬಾಚಿಕೊಂಡು, ಮನೆಗೆ ಬೀಗ ಹಾಕಿ, ಜಗಲಿಯ ಮೇಲೆ ಕೂತಿದ್ದಳು.

"ಚೀಟಿ ಕಿತ್ತಿದ್ದು ನೀವೇನಾ?"

"ಬೆಳಿಗ್ಗೆ. ಅವಳನ್ನ ಆಸ್ಪತ್ರೆಗೆ ಎತ್ಕೊಂಡು ಹೋದ ಮೇಲೆ."

"ಕಿಂಡಿ ಯಾಕೆ ಮುಚ್ಚಿಸಿದ್ರಿ?"

ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತ ಹೇಳಿದಳು. "ನಮ್ಮ ಯಜಮಾನರು ಹೋದಮೇಲೆ ಆರು ವರ್ಷ ಈ ಮನೇಲಿ ಒಂದು ದನಿ ಇರಲಿಲ್ಲ. ಅದಕ್ಕೇ ಪಕ್ಕದ ಮನೇನ ಬಾಡಿಗೆಗೆ ಕೊಟ್ಟೆ. ಅವಳು ಬಚ್ಚಲಿಂದ ತಾಯಿ ಜೊತೆ ಫೋನಲ್ಲಿ ಮಾತಾಡೋಳು. ಒಂದಕ್ಷರ ತಿಳೀತಿರಲಿಲ್ಲ. ಮಾತಾಡಿಸಿದ್ರೆ ಬರೀ ನಗೋಳು. ಊಟ ಆಯ್ತೇನೇ ಅಂದ್ರೂ ನಗು, ನೀರು ಬಂತೇನೇ ಅಂದ್ರೂ ನಗು. ಒಂಟಿ ಮುದುಕಿ ಅಂತ ನನ್ನನ್ನೇ ಆಡ್ಕೋತಾಳೆ ಅನ್ನಿಸ್ತು. ಆ ದನಿ ಕೇಳಿಸದಿದ್ರೆ ಸಾಕಾಗಿತ್ತು ನಂಗೆ."

"ಹೀಟರ್ ನೆನಪಿರಲಿಲ್ವಾ?"

"ಇತ್ತು." ಅವಳು ತಲೆ ಎತ್ತಲಿಲ್ಲ. "ಅಷ್ಟಕ್ಕೆಲ್ಲ ಏನಾಗುತ್ತೆ ಅಂದ್ಕೊಂಡೆ."

ಮಹಿಳಾ ಕಾನ್‌ಸ್ಟೇಬಲ್ ರಟ್ಟೆ ಹಿಡಿದು ಎಬ್ಬಿಸಿದಳು.

ಮರುದಿನ ಪೂರಕ ಹೇಳಿಕೆಗೆ ವೆಲ್ಡರ್ ಬಂದ. ದೇಹವನ್ನು ಊರಿಗೆ ಕಳಿಸುವ ಕಾಗದಗಳು ಕೈಯಲ್ಲಿದ್ದವು. ಎಲ್ಲ ಮುಗಿದ ಮೇಲೆ ಇನ್‌ಸ್ಪೆಕ್ಟರ್ ತಡೆದು ತಡೆದು ಕೇಳಿದರು.

"ನಿಮ್ಮ ಮನೆಯವರು ತುಂಬಾ ನಗ್ತಿದ್ರಂತೆ?"

ಅವನು ಕಾಗದಗಳನ್ನು ಮೇಜಿನ ಮೇಲಿಟ್ಟ.

"ಮಾತು ಗೊತ್ತಾಗದಿದ್ದಾಗ ನಗ್ತಿದ್ಳು ಸಾರ್. ಹೆದರಿಕೆಗೆ. ಈ ಮನೆಯ ಅಮ್ಮ ಬೇಜಾರು ಮಾಡ್ಕೊಂಡ್ರೆ ಮನೆ ಬಿಡಿಸ್ತಾರೆ, ನಗ್ತಾ ಇರು ಅಂತ ನಾನೇ ಹೇಳಿದ್ದೆ."

ಗಡಿಯಾರ ಪೆನ್ನು ಎತ್ತಿದವನು ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ಅದನ್ನು ಬರೆಯುವುದು ಬೇಡವೆಂದು ತಲೆಯಾಡಿಸಿದರು.