ಚಿತ್ರದಲ್ಲಿ ಬಿದ್ದ ಗೀರು

ಬೇಸಿಗೆ ಮುಗಿಯುತ್ತ ಬಂದಿತ್ತು. ಮಳೆಗಾಲದಲ್ಲಿ ಆಕಾಶ ಕಾಣುವುದಿಲ್ಲ. ಅದಕ್ಕೆ ಮೊದಲೇ ದೂರದರ್ಶಕದ ದೊಡ್ಡ ಕನ್ನಡಿಯನ್ನು ಇಳಿಸಿ ತೊಳೆಯಬೇಕು. ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ಕನ್ನಡಿ, ಗಾಜು ನೋಡಿಕೊಳ್ಳುವುದು ಅವಳ ಕೆಲಸ. ಬೆಳಗಿನಿಂದ ಅವಳು ಹತ್ತಿಯ ಉಂಡೆಯನ್ನು ಸಾಬೂನು ನೀರಿಗೆ ಅದ್ದಿ, ಒತ್ತದೆ, ಅದರ ಭಾರಕ್ಕೇ ಬಿಟ್ಟು ಒಂದು ಸಲ ಎಳೆದು ಬುಟ್ಟಿಗೆ ಎಸೆಯುತ್ತಿದ್ದಳು. ಎಳೆದ ಹತ್ತಿಯನ್ನು ಮತ್ತೆ ಮುಟ್ಟಿಸುವಂತಿಲ್ಲ. ಒಂದು ಮರಳಿನ ಕಣ ಸಿಕ್ಕಿಕೊಂಡಿದ್ದರೂ ಸಾಕು, ಕನ್ನಡಿಗೆ ಮಾಯದ ಗಾಯ.

ಗಾಳಿಗೆ ಗುಮ್ಮಟದ ತಗಡು ಯಾರೋ ನರಳಿದಂತೆ ಸದ್ದು ಮಾಡುತ್ತಿತ್ತು.

"ಗಾಜು ಒರೆಸೋರು ನೀವೇನಾ?"

ಬಾಗಿಲಲ್ಲಿ ಒಬ್ಬ ನಿಂತಿದ್ದ. ಕೈಯಲ್ಲೊಂದು ಚಿತ್ರ. ಕಾಲಲ್ಲಿ ಧೂಳು ಮೆತ್ತಿದ ಬೂಟು.

"ಅಲ್ಲೇ ನಿಲ್ಲಿ! ಇನ್ನೊಂದು ಹೆಜ್ಜೆ ಇಟ್ರೆ ಈ ಬಕೆಟ್ ನಿಮ್ಮ ತಲೆ ಮೇಲೆ!"

ಅವನು ಬೆಚ್ಚಿ ಬೂಟು ಬಿಚ್ಚಿದ. ಹರಿದ ಕಾಲುಚೀಲದಿಂದ ಹೆಬ್ಬೆರಳು ಇಣುಕಿತು. ಮೇಲೆ ಕ್ರೇನು ನಡೆಸುವ ಮುದುಕ, ಎಲ್ಲರಿಗೂ ಕ್ರೇನ್ ತಾತ, ಕಿಸಕ್ಕೆಂದ.

ಬಂದವನು ನಗಲಿಲ್ಲ.

"ನಾನು ಗ್ಯಾಲಕ್ಸಿಗಳ ಅಧ್ಯಯನ ಮಾಡೋನು. ಚಳಿಗಾಲವೆಲ್ಲ ಇಲ್ಲಿಂದ ತೆಗೆಸಿದ ಚಿತ್ರ ಇದು. ಗ್ಯಾಲಕ್ಸಿ ಪಕ್ಕ ಈ ಗೀರು ನೋಡಿ! ಕ್ಯಾಮೆರಾದ ಗಾಜು ಒರೆಸುವಾಗ ನೀವು ಬಿಟ್ಟ ಕಲೆ. ದೂರು ಬರೆದು ಕೊಟ್ಟಾಗಿದೆ."

"ನನ್ನನ್ನ ಒಂದು ಮಾತೂ ಕೇಳದೆ...?"

ಅವನು ಚಿತ್ರ ಮಡಚಿಕೊಂಡು ಬೂಟಿಗೆ ಬಗ್ಗಿದ.

ಮಧ್ಯಾಹ್ನವೇ ಮೇಲಧಿಕಾರಿ ಕರೆದರು. ಕನ್ನಡಿ ಮತ್ತೆ ಮೇಲೇರುವುದರೊಳಗೆ ಕಲೆ ತನ್ನದಲ್ಲವೆಂದು ತೋರಿಸದಿದ್ದರೆ ಕೆಲಸ ಹೋದಂತೆಯೇ. ಅದಕ್ಕಿನ್ನು ಹದಿಮೂರು ದಿನ.

ಕೆಲಸ ಹೋದರೆ ಅಕ್ಕನ ಮನೆ. ಭಾವ ತನ್ನ ತಮ್ಮನಿಗೆ ಅವಳನ್ನು ಹೆಂಡತಿಯಾಗಿ ತರಲು ಎರಡು ವರ್ಷದಿಂದ ಕಾದಿದ್ದಾನೆ. ಬಾಯಿ ಬಿಟ್ಟರೆ ಊರೆಲ್ಲ ನಗಿಸುತ್ತಿದ್ದ ಅಕ್ಕ, ಆ ದೊಡ್ಡ ಸಂಸಾರದೊಳಗೆ ಹೋದವಳು ಈಗ ನೀರು ಬೇಕಾದರೂ ಗಂಡನ ಮುಖ ನೋಡುತ್ತಾಳೆ.

*ಅಲ್ಲಿಗೆ ಮಾತ್ರ... ಬೇಡ!*

ಮರುದಿನ ಅವಳು ಚಿತ್ರಗಳ ಕೋಣೆಗೆ ಹೋಗಿ ಅವನೆದುರು ನಿಂತಳು.

"ಸಾರ್, ಇದು ಎಷ್ಟು ಚಿತ್ರ ಸೇರಿಸಿ ಮಾಡಿದ್ದು?"

"ನೂರಾ ನಲವತ್ತು."

"ಚಳಿಗಾಲದ ನಡುವೆ ವೈರು ಎಳೀತಿತ್ತು ಅಂತ ನಾನೇ ಕ್ಯಾಮೆರಾವನ್ನ ಕಾಲುಭಾಗ ಸುತ್ತು ತಿರುಗಿಸಿದೆ. ಗಾಜಿನ ಕಲೆ ಕ್ಯಾಮೆರಾ ಜೊತೆ ತಿರುಗುತ್ತೆ, ಗ್ಯಾಲಕ್ಸಿ ತಿರುಗಲ್ಲ. ತಿರುಗಿಸೋ ಮೊದಲಿನದು ಬೇರೆ, ಆಮೇಲಿನದು ಬೇರೆ ಸೇರಿಸಿ ನೋಡಿದ್ರಾ?"

ಅವನು ಪಕ್ಕದ ಕುರ್ಚಿ ಎಳೆದು ಅವಳಿಗೆ ಕೊಟ್ಟ. ನೋಡಿರಲಿಲ್ಲ.

ಅಂದಿನಿಂದ ಇಬ್ಬರೂ ಅಕ್ಕಪಕ್ಕ ಕೂತು ಒಂದೊಂದೇ ಚಿತ್ರ ವಿಂಗಡಿಸಿದರು. ಅವಳ ಮಾತನ್ನು ಅವನು ತಲೆಬಾಗಿ ಕೇಳುತ್ತಿದ್ದ. ತಪ್ಪಿದಾಗ ಕಿವಿ ಕೆಂಪಾಗುತ್ತಿತ್ತು. ಆ ಕಿವಿ ನೋಡಲೆಂದೇ ತಾನು ತಪ್ಪು ಹುಡುಕುತ್ತಿದ್ದೇನೆಂದು ತಿಳಿದ ದಿನ ಅವಳಿಗೆ ಭಯವಾಯಿತು.

"ಲಕ್ಷ ಕೋಟಿ ನಕ್ಷತ್ರ ಲೆಕ್ಕ ಇಡ್ತಾನೆ," ಕ್ರೇನ್ ತಾತ ಗೊಣಗಿದ, "ತನ್ನ ಟೀ ಲೋಟ ಯಾವುದು ಅಂತ ಗೊತ್ತಿಲ್ಲ. ಮಗಾ, ನಿನ್ನ ಲೋಟದಲ್ಲೇ ಕುಡೀತಿದ್ದಾನೆ ನೋಡು!"

ಎಂಟನೆಯ ದಿನ, ತಿರುಗಿಸುವ ಮೊದಲಿನದು ಮತ್ತು ಆಮೇಲಿನದು, ಎರಡೂ ಚಿತ್ರ ತೆರೆದುಕೊಂಡವು. ಎರಡರಲ್ಲೂ ಗೀರು ತಿರುಗದೆ ಗ್ಯಾಲಕ್ಸಿಯ ಜೊತೆಗೇ ಇತ್ತು. ಅದು ಕಲೆಯಲ್ಲ!

"ಹಾಗಾದ್ರೆ... ಏನಿದು?"

ಅವನ ದನಿ ತಗ್ಗಿತು. "ಮೊದಲು ಕಣ್ಣಿಗೆ ಕಾಣದ ಭಾರವೊಂದು ಗುಡ್ಡೆಯಾಗುತ್ತೆ. ಅದೇನು ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅದರ ಸೆಳೆತಕ್ಕೆ ಅನಿಲ ಬಂದು ಬೀಳುತ್ತೆ, ತಣಿಯುತ್ತೆ, ನಕ್ಷತ್ರಗಳು ಹೊತ್ತಿಕೊಳ್ಳುತ್ವೆ. ಗ್ಯಾಲಕ್ಸಿ ಹುಟ್ಟೋದು ಹಾಗೆ. ಬೆಳೆಯೋದು... ಹತ್ತಿರದ ಚಿಕ್ಕವನ್ನ ನುಂಗಿ. ಈ ಗೀರು ಒಂದು ಚಿಕ್ಕ ಗ್ಯಾಲಕ್ಸಿ. ದೊಡ್ಡದು ಅದನ್ನ ಎಳೆ ಎಳೆಯಾಗಿ ಹರೀತಿದೆ."

"ತಪ್ಪಿಸಿಕೊಳ್ಳಲ್ವಾ?"

"ಇಷ್ಟು ಹತ್ತಿರ ಬಂದ ಮೇಲೆ... ಇಲ್ಲ."

ಅವಳಿಗೆ ಅಕ್ಕನ ನೆನಪಾಯಿತು. ಹೊರಗೆ ಮೋಡ ಗುಡ್ಡದ ಮೇಲೆ ಕೂತಿತ್ತು.

ಆಮೇಲೆ ಅವನು ಎರಡೂ ಚಿತ್ರ ಇಟ್ಟುಕೊಂಡು ಕೋಣೆಯ ಬಾಗಿಲು ಹಾಕಿಕೊಂಡ. ಒಂದು ದಿನ, ಎರಡು ದಿನ, ನಾಲ್ಕು ದಿನ. ಅವಳ ಮೇಲಿನ ದೂರು ತೊಳೆಯುವ ಕಾಗದ ಬರಲಿಲ್ಲ.

*ಅವನಿಗೆ ಬೇಕಾದ್ದು ಸಿಕ್ಕಿತು. ನಾನೀಗ ಬುಟ್ಟಿ ಸೇರಿದ ಹತ್ತಿ!*

ಹದಿಮೂರನೆಯ ದಿನ ಕನ್ನಡಿ ಮೇಲೇರುತ್ತಿರುವಾಗಲೇ ಭಾವನ ಜೀಪು ಬಂತು.

"ಕೆಲಸ ಹೋಯ್ತಂತಲ್ಲ? ಜೀಪು ಹತ್ತು. ನಿನ್ನಕ್ಕನೂ ಅದನ್ನೇ ಹೇಳ್ತಾಳೆ. ಅಲ್ವೇನೇ?"

ಹಿಂದಿನ ಸೀಟಿನಲ್ಲಿ ಅಕ್ಕ ತಲೆ ಎತ್ತಲಿಲ್ಲ. ತುಟಿ ಮಾತ್ರ ಅಲುಗಿತು.

"ಬರಬೇಡ ಕಣೇ."

ಭಾವ ಮೆಲ್ಲನೆ ಹಿಂದಕ್ಕೆ ತಿರುಗಿ ನೋಡಿದ. ಆ ನೋಟಕ್ಕೆ ಅಕ್ಕ ಸೀಟಿನ ಮೂಲೆಗೆ ಮುದುಡಿದಳು.

"ಕೆಲಸ ಹೋಗಿಲ್ಲ!"

ಏದುಸಿರು ಬಿಡುತ್ತ ಚಿತ್ರಗಳ ಕೋಣೆಯಿಂದ ಅವನು ಓಡಿಬಂದಿದ್ದ. ಕೈಯಲ್ಲಿ ಮೇಲಧಿಕಾರಿಯ ಸಹಿ ಬಿದ್ದ ಕಾಗದ. ದೂರು ಸುಳ್ಳು, ತಪ್ಪು ತನ್ನದು, ಪರೀಕ್ಷೆಯ ದಾರಿ ತೋರಿದವಳು ಇವಳು ಎಂದು ಅವನದೇ ಕೈಬರಹದಲ್ಲಿತ್ತು.

ಭಾವ ಕಾಗದ ಓದಿ ಮರಳಿಸಿದ. "ಮನೆಗೆ ಹೋಗಿ ಮಾತಾಡೋಣ," ಎಂದ, ಅಕ್ಕನಿಗೆ. ಜೀಪು ತಿರುವಿನಲ್ಲಿ ಮರೆಯಾಯಿತು.

"ನಾಲ್ಕು ದಿನ!" ಅವಳು ಅವನತ್ತ ತಿರುಗಿದಳು. "ಒಂದು ಮಾತು ಹೇಳಬಾರದಿತ್ತಾ?"

"ಸುಮ್ಮನೆ ಬರೆದುಕೊಟ್ರೆ, ಕನಿಕರಕ್ಕೆ ಬರೆದೆ ಅಂತಿದ್ರು. ಯಾರೂ ಅಲ್ಲಗಳೆಯದ ಹಾಗೆ ಲೆಕ್ಕ ಹಾಕ್ತಿದ್ದೆ. ಹೇಳಬೇಕಿತ್ತು... ಎರಡನೇ ಸಲ ತಪ್ಪು ಮಾಡಿದೆ. ನೀವಿಲ್ಲದೆ ಆ ಕೋಣೆಯಲ್ಲಿ ಕೂತಿರೋದೇ ನನಗೆ ಕಷ್ಟವಾಯ್ತು. ನಿಮ್ಮನ್ನ ಪ್ರೀತಿಸ್ತೀನಿ."

ಅವಳು ಜೀಪು ಮರೆಯಾದ ತಿರುವಿನ ಕಡೆ ನೋಡಿದಳು.

"ನುಂಗಿದ ಮೇಲೆ ಆ ಚಿಕ್ಕ ಗ್ಯಾಲಕ್ಸೀದು ಏನೂ ಉಳಿಯಲ್ವಾ?"

"ಸುಳ್ಳು ಹೇಳಲ್ಲ. ಆಕಾರ ಉಳಿಯಲ್ಲ. ಆದ್ರೆ ಅದರ ನಕ್ಷತ್ರಗಳು ಕೋಟಿಗಟ್ಟಲೆ ವರ್ಷ ತಮ್ಮದೇ ಗುಂಪಾಗಿ ಓಡ್ತಿರ್ತವೆ. ಹುಡುಕೋರಿಗೆ ಸಿಗ್ತವೆ."

"ನನ್ನಕ್ಕನಲ್ಲೂ ಉಳಿದಿದೆ. ಇವತ್ತು ಕೇಳಿಸ್ತು." ಅವಳು ಕಣ್ಣೊರೆಸಿಕೊಂಡಳು. "ಈಗಲೇ ಹೋಗಿ ಅವಳನ್ನ ಕರ್ಕೊಂಡು ಬರ್ಬೇಕು. ಆ ನೋಟ ನೋಡಿದ್ರಲ್ಲ..."

"ನೋಡಿದೆ. ನಾನೂ ಬರ್ತೀನಿ. ನನ್ನ ಸಾಲ ತೀರಿಸೋಕೆ ಇದೊಂದು ದಾರಿ ಕೊಡಿ."

"ಕಾಗದದ ಸಾಲ ತೀರಿತು. ನಾಲ್ಕು ದಿನದ್ದು ಬಾಕಿ. ಅದು ಹಾಗೇ ಇರಲಿ, ನಿಮಗೆ ಭಯ ಇರುತ್ತೆ."

ಅವನು ನಗಲು ಹೋಗಿ ನಗಲಾರದೆ ಕೇಳಿದ: "ನಾನು ಏನು ಮಾಡ್ಲಿ?"

"ಅವರ ಮನೆ ಗೇಟಿನ ಹತ್ತಿರ ನಿಂತಿರಿ. ಮಾತು ನಾನು ಆಡ್ತೀನಿ."

"ಒಳಗೆ ಬರಬೇಕಾದ್ರೆ?"

"ಕರೀತೀನಿ." ಅವಳು ಮೊದಲ ಸಲ ಅವನ ಕೈ ಹಿಡಿದಳು. "ಕರೆದಾಗ ತಡ ಮಾಡಬೇಡ."